ಇಪ್ಪತ್ತೆಂಟು ಡಾಲರಿನ ಮನೆ ಕಟ್ಟಿದ ಥೋರೋ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯಲ್ಲಿ ನಮ್ಮ ಹಿರಿಯರು ಪಟ್ಟ ಪಾಡೆಲ್ಲ ಅಡಗಿದೆ. ಮದುವೆಯಾಗದೆಯೇ ಉಳಿದ ಒಬ್ಬ ಅಮೆರಿಕನ್ ತರುಣ ಮನೆಯನ್ನು ಮಾತ್ರ ಕಟ್ಟಿ ನೋಡಿದ. ಕಟ್ಟಿದ್ದಷ್ಟೇ ಅಲ್ಲ, ಅದರ ಖರ್ಚನ್ನು ಅರ್ಧ ಸೆಂಟನ್ನೂ ಬಿಡದೆ ಬರೆದಿಟ್ಟ. ಆತನೇ ಹೆನ್ರಿ ಡೇವಿಡ್ ಥೋರೋ.

ಥೋರೋ ಹುಟ್ಟಿದ್ದು 1817ರ ಜುಲೈ 12ರಂದು, ಮಸಾಚುಸೆಟ್ಸ್ ರಾಜ್ಯದ ಕಾಂಕರ್ಡ್ ಎಂಬ ಊರಿನಲ್ಲಿ. ತಂದೆಯದು ಪೆನ್ಸಿಲ್ ತಯಾರಿಸುವ ಕಸುಬು. ಮಗ ಹಾರ್ವರ್ಡಿನಲ್ಲಿ ಓದಿ 1837ರಲ್ಲಿ ಪದವೀಧರನಾಗಿ, ಊರ ಶಾಲೆಯಲ್ಲೇ ಮಾಸ್ತರನಾದ. ಮಕ್ಕಳಿಗೆ ಏಟು ಕೊಡಲೇಬೇಕೆಂಬ ಒತ್ತಾಯ ಬಂದಾಗ ಎರಡೇ ವಾರಗಳಲ್ಲಿ ಕೆಲಸ ಬಿಟ್ಟ. ಬಳಿಕ ಅಣ್ಣ ಜಾನನೊಂದಿಗೆ ಸ್ವಂತ ಶಾಲೆ ನಡೆಸಿದ. ಜಾನನ ಅನಾರೋಗ್ಯದಿಂದ 1841ರಲ್ಲಿ ಅದೂ ಮುಚ್ಚಿತು. ಮರುವರ್ಷ ಜನವರಿಯಲ್ಲಿ ಕ್ಷೌರದ ಕತ್ತಿಯಿಂದಾದ ಸಣ್ಣ ಗಾಯಕ್ಕೆ ಧನುರ್ವಾಯು ತಗಲಿ ಜಾನ್ ತೀರಿಕೊಂಡ. 1839ರಲ್ಲಿ ಅಣ್ಣತಮ್ಮಂದಿರು ದೋಣಿಯಲ್ಲಿ ನದಿಯಾತ್ರೆ ಮಾಡಿದ್ದರು. ಆ ಯಾತ್ರೆಯನ್ನು ಪುಸ್ತಕವಾಗಿಸಬೇಕೆಂಬ ಹಂಬಲ ತಮ್ಮನಿಗೆ ಉಳಿಯಿತು. ಅದಕ್ಕೆ ಏಕಾಂತ ಬೇಕಿತ್ತು, ಸಾಲವಿಲ್ಲದ ಒಂದು ಸೂರು ಬೇಕಿತ್ತು.

ಕಾಂಕರ್ಡಿನಿಂದ ಸುಮಾರು ಒಂದೂವರೆ ಮೈಲಿ ದೂರದಲ್ಲಿ ವಾಲ್ಡನ್ ಎಂಬ ಕೊಳವಿದೆ. ಅದರ ದಂಡೆಯ ಕಾಡುಜಾಗ ಆತನ ಹಿರಿಯ ಮಿತ್ರ, ಚಿಂತಕ ಎಮರ್ಸನ್‌ನದಾಗಿತ್ತು. 1845ರ ಮಾರ್ಚ್ ಕೊನೆಗೆ ಥೋರೋ ಒಂದು ಕೊಡಲಿಯನ್ನು ಕಡ ತಂದು ಅಲ್ಲಿಗೆ ಹೋದ. ಪೈನ್ ಮರಗಳನ್ನು ಕಡಿದು ಕಂಬ, ತೊಲೆ, ಪಕ್ಕಾಸುಗಳನ್ನು ಕೆತ್ತಿದ. ಕೊಡಲಿಯನ್ನು ಹಿಂದಿರುಗಿಸುವಾಗ ಅದು ಮೊದಲಿಗಿಂತ ಹರಿತವಾಗಿತ್ತಂತೆ.

ಹಲಗೆಗಾಗಿ ಆತ ಈರ್ಚಮಿಲ್ಲಿಗೆ ಹೋಗಲಿಲ್ಲ. ಹತ್ತಿರದಲ್ಲಿ ರೈಲುದಾರಿಯ ಕೆಲಸಕ್ಕೆ ಬಂದಿದ್ದ ಜೇಮ್ಸ್ ಕಾಲಿನ್ಸ್ ಎಂಬ ಐರಿಷ್ ಕೂಲಿಯ ಜೋಪಡಿಯಿತ್ತು. ಅದನ್ನು 4 ಡಾಲರ್ 25 ಸೆಂಟಿಗೆ ಕೊಂಡ. ಮರುದಿನ ಬೆಳಿಗ್ಗೆ ಐದಕ್ಕೆ ಆ ಸಂಸಾರ ಮನೆ ತೆರವು ಮಾಡಬೇಕೆಂದು ಒಪ್ಪಂದ. ಆರು ಗಂಟೆಗೆ ಥೋರೋ ಹೋಗುವಾಗ ದಾರಿಯಲ್ಲೇ ಅವರು ಎದುರಾದರು. ಹಾಸಿಗೆ, ಕಾಫಿ ಬೀಸುವ ಯಂತ್ರ, ಕನ್ನಡಿ, ಕೋಳಿಗಳು, ಇವಿಷ್ಟೇ ಅವರ ಬದುಕು. ಬೆಕ್ಕು ಮಾತ್ರ ಕಾಡು ಸೇರಿತು.

ಥೋರೋ ಜೋಪಡಿಯನ್ನು ಬಿಚ್ಚಿ, ಮೊಳೆ ಕಿತ್ತು, ಹಲಗೆಗಳನ್ನು ಸಣ್ಣ ಗಾಡಿಯಲ್ಲಿ ಕೊಳದ ಬಳಿಗೆ ಸಾಗಿಸಿದ. ಡೊಂಕಾದವು ನೆಟ್ಟಗಾಗಲೆಂದು ಹುಲ್ಲಿನ ಮೇಲೆ ಬಿಸಿಲಿಗೆ ಹರಡಿದ. ಆತ ಗಾಡಿಯ ಹಿಂದೆ ಹೋದಾಗಲೆಲ್ಲ ನೆರೆಯವನೊಬ್ಬ ನೆಟ್ಟಗಿದ್ದ ಮೊಳೆಗಳನ್ನು ಜೇಬಿಗೆ ಸೇರಿಸುತ್ತಿದ್ದನಂತೆ!

ಮೇ ತಿಂಗಳಲ್ಲಿ ಸ್ನೇಹಿತರು ಬಂದು ಚೌಕಟ್ಟನ್ನು ಎತ್ತಿ ನಿಲ್ಲಿಸಿದರು. ಮನೆಯ ಅಗಲ ಹತ್ತು ಅಡಿ, ಉದ್ದ ಹದಿನೈದು ಅಡಿ. ಮೇಲೊಂದು ಅಟ್ಟ, ಕೆಳಗೆ ಬಟಾಟೆ ಇಡಲು ನೆಲಗುಳಿ, ಎರಡು ಕಿಟಕಿ, ಒಂದು ಬಾಗಿಲು. ಖರ್ಚಿನ ವಿವರ ಹೀಗಿದೆ: ಹಲಗೆಗೆ 8 ಡಾಲರ್ ಮೂರೂವರೆ ಸೆಂಟು, ಮಾಡಿಗೂ ಗೋಡೆಗೂ ಹೊದಿಸಿದ, ಎರಡನೆಯ ದರ್ಜೆಯ ಮರದ ಬಿಲ್ಲೆಗಳಿಗೆ 4 ಡಾಲರ್, ಗಾಜು ಸಮೇತ ಎರಡು ಹಳೆಯ ಕಿಟಕಿಗೆ 2.43, ಸಾವಿರ ಹಳೆಯ ಇಟ್ಟಿಗೆಗೆ 4, ಸುಣ್ಣಕ್ಕೆ 2.40, ಮೊಳೆಗೆ 3.90. ಉಳಿದದ್ದು ರೀಪು, ಚಿಲಕ, ಸಾಗಾಟ ಇತ್ಯಾದಿ. ಒಟ್ಟು 28 ಡಾಲರ್ ಹನ್ನೆರಡೂವರೆ ಸೆಂಟು. ಆಗ ಹಾರ್ವರ್ಡಿನ ವಿದ್ಯಾರ್ಥಿ ಒಂದು ಕೋಣೆಗೆ ಕೊಡುತ್ತಿದ್ದ ವರ್ಷದ ಬಾಡಿಗೆಯೇ ಮೂವತ್ತು ಡಾಲರ್.

ಜುಲೈ 4ರಂದು ಆತ ಅಲ್ಲಿ ವಾಸಕ್ಕೆ ಬಂದ. ಗೋಡೆಗೆ ಗಾರೆಯೂ ಇರಲಿಲ್ಲ, ಹೊಗೆಗೂಡೂ ಇರಲಿಲ್ಲ. ಬಳಿಕ ಎರಡನ್ನೂ ತಾನೇ ಮುಗಿಸಿದ. ಕೊಳದ ನೀರು, ಕಾಡಿನ ಸೌದೆ, ಮೂರು ಕುರ್ಚಿ, ಒಂದು ಮಂಚ, ಒಂದು ಮೇಜು, ಒಂದು ಬರೆಯುವ ಡೆಸ್ಕು. ಎರಡೂವರೆ ಎಕರೆಯಲ್ಲಿ ಮುಖ್ಯವಾಗಿ ಬೀನ್ಸ್ ಬೆಳೆದು, ಮೊದಲ ವರ್ಷ ಖರ್ಚು ಕಳೆದು 8 ಡಾಲರ್ 71½ ಸೆಂಟು ಉಳಿಸಿದ. ಮುಂಜಾವಗಳಲ್ಲಿ ಭಗವದ್ಗೀತೆಯ ಇಂಗ್ಲಿಷ್ ಅನುವಾದವನ್ನು ಓದುತ್ತಿದ್ದ.

1846ರ ಜುಲೈಯಲ್ಲಿ ತಲೆಗಂದಾಯ ಕೊಡದ್ದಕ್ಕಾಗಿ ಒಂದು ರಾತ್ರಿ ಜೈಲಿನಲ್ಲಿ ಕಳೆದ. ಗುಲಾಮಗಿರಿಯನ್ನು ಪೋಷಿಸುವ ಸರಕಾರಕ್ಕೆ ತನ್ನ ಹಣವಿಲ್ಲ ಎಂಬುದು ಆತನ ಹಠ. ಯಾರೋ ಕಂದಾಯ ಕಟ್ಟಿ ಬಿಡಿಸಿದರು. ಇದರಿಂದ ಹುಟ್ಟಿದ ಪ್ರಬಂಧ 1849ರಲ್ಲಿ ಅಚ್ಚಾಯಿತು. 1907ರಲ್ಲಿ ದಕ್ಷಿಣ ಆಫ್ರಿಕದಲ್ಲಿ ಗಾಂಧೀಜಿ ಅದರ ಭಾಗಗಳನ್ನು ತಮ್ಮ ಇಂಡಿಯನ್ ಒಪಿನಿಯನ್ ಪತ್ರಿಕೆಯಲ್ಲಿ ಪ್ರಕಟಿಸಿದರು.

1847ರ ಸೆಪ್ಟೆಂಬರ್ 6ರಂದು ಥೋರೋ ಕಾಡು ಬಿಟ್ಟ. ಅಣ್ಣನ ನೆನಪಿನ ನದಿಯಾತ್ರೆಯ ಪುಸ್ತಕ 1849ರಲ್ಲಿ ಹೊರಬಂತು. ಸಾವಿರ ಪ್ರತಿಗಳಲ್ಲಿ ಮಾರಾಟವಾಗದ 706 ಪ್ರತಿಗಳು ನಾಲ್ಕು ವರ್ಷಗಳ ನಂತರ ಆತನ ಮನೆಗೇ ಮರಳಿದವು. ವಾಲ್ಡನ್ ಎಂಬ ಕೃತಿ 1854ರಲ್ಲಿ ಪ್ರಕಟವಾಯಿತು. ಹೊಟ್ಟೆಪಾಡಿಗೆ ಜಮೀನು ಅಳೆಯುತ್ತ, ಪೆನ್ಸಿಲ್ ಕಾರ್ಖಾನೆ ನೋಡಿಕೊಳ್ಳುತ್ತ ಬಾಳಿದ ಥೋರೋ 1862ರ ಮೇ 6ರಂದು ಕ್ಷಯರೋಗದಿಂದ ತೀರಿಕೊಂಡ. ಆಗ ವಯಸ್ಸು 44.

ಆತನ ಲೆಕ್ಕವನ್ನು ಆಕ್ಷೇಪಿಸುವವರಿದ್ದಾರೆ. ಜಾಗ ಗೆಳೆಯನದು, ಕೈಜೋಡಿಸಿದವರಿಗೆ ಕೂಲಿಯಿಲ್ಲ, ತಾಯಿಯ ಮನೆಯ ಊಟ ಹತ್ತಿರದಲ್ಲೇ. ಇದೆಲ್ಲ ನಿಜ. ಅದಕ್ಕಿಂತ ಮನಸ್ಸನ್ನು ಚುಚ್ಚುವುದು ಕಾಲಿನ್ಸನ ಮಾತು. ಒಬ್ಬನ ಅಗ್ಗದ ಮನೆ ಇನ್ನೊಬ್ಬ ಬಡವ ಬಿಟ್ಟುಕೊಟ್ಟ ಮನೆಯಾಗಿತ್ತು. ಆದರೆ ಆ ಮುಂಜಾನೆಯ ಗಂಟುಮೂಟೆಯನ್ನು ನಾವು ಇಂದು ಬಲ್ಲೆವಾದರೆ ಅದಕ್ಕೂ ಥೋರೋನೇ ಕಾರಣ. ಆತ ಅದನ್ನು ಮುಚ್ಚಿಡಲಿಲ್ಲ.

ಥೋರೋ ಹೋದ ಮೇಲೆ ಆ ಮನೆಯನ್ನು ಒಬ್ಬ ರೈತ ಧಾನ್ಯ ತುಂಬಿಡಲು ಸಾಗಿಸಿದ. 1868ರಲ್ಲಿ ಅದನ್ನು ಬಿಚ್ಚಿ ಹಲಗೆಗಳನ್ನು ಹಂದಿಗೂಡಿನ ಮಾಡಿಗೂ, ಮರವನ್ನು ಕೊಟ್ಟಿಗೆಯ ದುರಸ್ತಿಗೂ ಬಳಸಿದರು. 1945ರಲ್ಲಿ ರೋಲಂಡ್ ರಾಬಿನ್ಸ್ ಎಂಬವರು ನೆಲ ಅಗೆದಾಗ ಹೊಗೆಗೂಡಿನ ಬುಡದ ಕಲ್ಲುಗಳು ಸಿಕ್ಕವು. ಕೂಲಿಯ ಜೋಪಡಿಯಿಂದ ಬಂದ ಹಲಗೆಗಳು ಲೇಖಕನಿಗೆ ನೆರಳಾಗಿ, ಕೊನೆಗೆ ಹಂದಿಗಳಿಗೂ ನೆರಳಾದವು.