ಸರ್ ಮಿರ್ಝಾ ಇಸ್ಮಾಯಿಲ್: ಯಾವ ಅಧಿಕಾರ ಯಾರ ಕೈಯಲ್ಲಿ?

ಭದ್ರಾವತಿಯ ಕಾಗದ ಕಾರ್ಖಾನೆ 1936ರಲ್ಲಿ ಸ್ಥಾಪನೆಯಾದಾಗ ಮೈಸೂರು ಸಂಸ್ಥಾನದ ದಿವಾನರಾಗಿದ್ದವರು ಸರ್ ಮಿರ್ಝಾ ಇಸ್ಮಾಯಿಲ್. ಕಾರ್ಖಾನೆ, ರಸ್ತೆ, ಉದ್ಯಾನಗಳಿಗಾಗಿ ಅವರನ್ನು ನಾವೆಲ್ಲ ನೆನೆಯುತ್ತೇವೆ. ಆದರೆ ಕೇಂದ್ರಕ್ಕೆ ಎಷ್ಟು ಅಧಿಕಾರ, ರಾಜ್ಯಗಳಿಗೆ ಎಷ್ಟು ಎಂಬ ದೊಡ್ಡ ಚರ್ಚೆಯಲ್ಲೂ ಅವರಿದ್ದರು ಅನ್ನೋದು ನಮ್ಮಲ್ಲಿ ಹೆಚ್ಚಿನವರಿಗೆ ತಿಳಿದಿಲ್ಲ.

ಅವರು ಹುಟ್ಟಿದ್ದು 1883ರ ಅಕ್ಟೋಬರ್ 24ರಂದು, ಬೆಂಗಳೂರಿನಲ್ಲಿ. ಅಜ್ಜ ಅಲಿ ಅಸ್ಕರ್ ಇರಾನಿನ ಶೀರಾಝ್‌ನಿಂದ ಬಂದ ಕುದುರೆ ವ್ಯಾಪಾರಿ. ಮಿರ್ಝಾರು ನಾಲ್ವಡಿ ಕೃಷ್ಣರಾಜ ಒಡೆಯರ ಸಹಪಾಠಿಯಾಗಿ ಬೆಳೆದರು. ಮುಂದೆ ಮಹಾರಾಜರ ಖಾಸಗಿ ಕಾರ್ಯದರ್ಶಿಯಾಗಿ, 1926ರಿಂದ 1941ರವರೆಗೆ ದಿವಾನರಾಗಿ ದುಡಿದರು. ಮೈಸೂರು ಬ್ರಿಟಿಷರಿಗೆ ವರ್ಷಕ್ಕೆ 35 ಲಕ್ಷ ರೂಪಾಯಿ ಕಪ್ಪ ಕೊಡಬೇಕಿತ್ತು. ಅದರಲ್ಲಿ ಹತ್ತೂವರೆ ಲಕ್ಷ ಕಡಿತವಾದದ್ದು ಇವರ ಕಾಲದಲ್ಲೇ.

1930ರಲ್ಲಿ ಲಂಡನ್ನಿನಲ್ಲಿ ದುಂಡುಮೇಜಿನ ಪರಿಷತ್ತು ಸೇರಿತು. ಮೈಸೂರಿನ ಪ್ರತಿನಿಧಿಯಾಗಿ ಹೋದ ಮಿರ್ಝಾರು ಒಕ್ಕೂಟದ ಪರ ನಿಂತರು. ಇಡೀ ದೇಶಕ್ಕೆ ಬೇಕಾದ ವಿಷಯಗಳು ಕೇಂದ್ರಕ್ಕಿರಲಿ, ಮನೆಯೊಳಗಿನ ಆಡಳಿತ ಸಂಸ್ಥಾನಕ್ಕೇ ಉಳಿಯಲಿ ಅನ್ನೋದು ಆ ಯೋಜನೆಯ ತಿರುಳು. 1935ರ ಕಾಯ್ದೆಯಲ್ಲಿ ಮೂರು ಪಟ್ಟಿಗಳು ಬಂದವು: ಕೇಂದ್ರಕ್ಕೆ 59 ವಿಷಯ, ಪ್ರಾಂತ್ಯಗಳಿಗೆ 54, ಇಬ್ಬರಿಗೂ ಸೇರಿ 36. ಆದರೆ ಬೇಕಾದಷ್ಟು ರಾಜರು ಸೇರಲಿಲ್ಲ, ಒಕ್ಕೂಟ ಕಾಗದದಲ್ಲೇ ಉಳಿಯಿತು. ಮದರಾಸು ಪ್ರಾಂತ್ಯದಲ್ಲಿದ್ದ ನಮ್ಮ ಮಂಗಳೂರು ಕಡೆಗೆ 1937ರಲ್ಲಿ ಪ್ರಾಂತೀಯ ಸರಕಾರ ಬಂತು. ಘಟ್ಟದ ಮೇಲಿನ ಶಿವಮೊಗ್ಗ ಮಹಾರಾಜರ ಆಡಳಿತದಲ್ಲೇ ಇತ್ತು.

ಮೈಸೂರು ಬಿಟ್ಟ ಮೇಲೆ ಮಿರ್ಝಾರು ಜೈಪುರದಲ್ಲಿ, 1946ರಲ್ಲಿ ಹೈದರಾಬಾದಿನಲ್ಲಿ ಪ್ರಧಾನಿಯಾದರು. ದೇಶ ವಿಭಜನೆ ಅವರಿಗೆ ಒಪ್ಪಿಗೆಯಿರಲಿಲ್ಲ. ನಿಝಾಮರು ಭಾರತದೊಂದಿಗೆ ರಾಜಿಯಾಗಲಿ ಅಂತ ಬಯಸಿದರು. ಅಲ್ಲಿನ ಉಗ್ರರ ವಿರೋಧದಿಂದ ಮರುವರ್ಷವೇ ಹುದ್ದೆ ಬಿಟ್ಟರು. 1959ರ ಜನವರಿ 5ರಂದು ಬೆಂಗಳೂರಿನಲ್ಲಿ ತೀರಿಕೊಂಡರು.

ಮೂರು ಪಟ್ಟಿಗಳ ಆ ಕ್ರಮ ನಮ್ಮ ಸಂವಿಧಾನದ ಏಳನೇ ಅನುಸೂಚಿಯಲ್ಲಿ ಇಂದಿಗೂ ಇದೆ. ಅದು ನಮ್ಮ ಮನೆಬಾಗಿಲಿಗೇ ಸಂಬಂಧಿಸಿದ್ದು. ಹಜ್ಜ್ ಯಾತ್ರೆ, ಅಂದರೆ ದೇಶದ ಹೊರಗಿನ ತೀರ್ಥಯಾತ್ರೆ, ಕೇಂದ್ರ ಪಟ್ಟಿಯಲ್ಲಿದೆ. ದಫನ ಭೂಮಿ ರಾಜ್ಯ ಪಟ್ಟಿಯಲ್ಲಿದೆ. ನಿಕಾಹ್, ತಲಾಕ್, ಆಸ್ತಿ ಹಕ್ಕು, ಧಾರ್ಮಿಕ ದತ್ತಿ ಇವು ಸಮವರ್ತಿ ಪಟ್ಟಿಯಲ್ಲಿವೆ. ಅಲ್ಲಿ ಇಬ್ಬರೂ ಕಾನೂನು ಮಾಡಬಹುದು, ಘರ್ಷಣೆಯಾದರೆ ಸಾಮಾನ್ಯವಾಗಿ ಕೇಂದ್ರದ್ದೇ ಮೇಲು. ಅದಕ್ಕೇ ವಕ್ಫ್ ಕಾನೂನು ದಿಲ್ಲಿಯದು, ವಕ್ಫ್ ಮಂಡಳಿ ಮಾತ್ರ ರಾಜ್ಯದ್ದು. ಶಿಕ್ಷಣವೂ 42ನೇ ತಿದ್ದುಪಡಿಯಿಂದ ರಾಜ್ಯ ಪಟ್ಟಿ ಬಿಟ್ಟು ಇಲ್ಲಿಗೇ ಬಂತು.

ಭದ್ರಾವತಿಯ ಕಾರ್ಖಾನೆಗಳ ಒಡೆತನದಲ್ಲೂ ಇಂಥದ್ದೇ ಭೇದವಿದೆ. ವಿಶ್ವೇಶ್ವರಯ್ಯನವರ ಕಬ್ಬಿಣದ ಕಾರ್ಖಾನೆ ಈಗ ಕೇಂದ್ರದ ಉಕ್ಕು ಪ್ರಾಧಿಕಾರದ್ದು. 2023ರಲ್ಲಿ ಅದನ್ನು ಮುಚ್ಚಬೇಡಿ ಅಂತ ಕಾರ್ಮಿಕರು ಹೋರಾಡಿದಾಗ ಕೀಲಿಕೈ ದಿಲ್ಲಿಯಲ್ಲಿತ್ತು. 2015ರಲ್ಲಿ ಉತ್ಪಾದನೆ ನಿಂತ ಕಾಗದ ಕಾರ್ಖಾನೆಯ ಕೀಲಿಕೈ ಬೆಂಗಳೂರಿನಲ್ಲಿದೆ.

ದಫನ ಭೂಮಿಯ ಜಾಗಕ್ಕೆ ಸಂಸದರ ಬೆನ್ನು ಹತ್ತಿ, ಹಜ್ಜ್ ವಿಷಯಕ್ಕೆ ಶಾಸಕರನ್ನು ಕಾಡಿದರೆ ಕಾಲ ಕಳೆಯುತ್ತದೆ, ಕೆಲಸ ಆಗೋದಿಲ್ಲ. ನಮ್ಮ ಜಮಾಅತ್‌ಗಳು ಅರ್ಜಿ ಬರೆಯುವ ಮೊದಲು ವಿಷಯ ಯಾವ ಪಟ್ಟಿಯದು ಅಂತ ನೋಡಲಿ. ಮದ್ರಸದ ದೊಡ್ಡ ಮಕ್ಕಳಿಗೂ ಇದನ್ನು ಕಲಿಸೋಣ. ಮರ್ಹೂಮ್ ಮಿರ್ಝಾ ಸಾಹೇಬರಿಗೆ ಅಲ್ಲಾಹನು ಮಗ್ಫಿರತ್ ನೀಡಲಿ, ಆಮೀನ್.