ಮಣಿಕಟ್ಟಿನ ಗುಟ್ಟು ಕಂಡ ಬೆನ್ ಹೋಗನ್

ಬೆಳಗಾವಿ: ಹಾಕಿಯನ್ನು ಪ್ರೀತಿಸುವ ಈ ಊರಿಗೆ ಮಣಿಕಟ್ಟಿನ ಮಹತ್ವವನ್ನು ಬಿಡಿಸಿ ಹೇಳಬೇಕಿಲ್ಲ. 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ಭಾರತ ತಂಡದಲ್ಲಿ ಬೆಳಗಾವಿಯ ಬಂಡು ಪಾಟೀಲ ಆಡಿದ್ದರು. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಅವರ ಸ್ಕ್ವೇರ್ ಕಟ್ ನೆನೆದಾಗಲೂ ಕ್ರಿಕೆಟ್ ಪ್ರಿಯರ ಮಾತು ಕೊನೆಗೆ ಬಂದು ನಿಲ್ಲುವುದು ಮಣಿಕಟ್ಟಿನ ಬಳಿಯೇ. ಆದರೆ ಹಾಕಿ, ಕ್ರಿಕೆಟ್‌ಗಳಲ್ಲಿ ಚೆಂಡು ಓಡುತ್ತಿರುತ್ತದೆ. ತಪ್ಪಾದರೆ ದೂರಲು ಎದುರಾಳಿ ಇರುತ್ತಾನೆ. ಗಾಲ್ಫ್‌ನಲ್ಲಿ ಹಾಗಲ್ಲ. 46 ಗ್ರಾಂಗೂ ಕಡಿಮೆ ತೂಕದ ಚೆಂಡು ಹುಲ್ಲಿನ ಮೇಲೆ ನಿಶ್ಚಲವಾಗಿ ಕಾದಿರುತ್ತದೆ. ತಪ್ಪೆಲ್ಲ ಆಡುವವನದೇ.

ಆ ತಪ್ಪು ಎಲ್ಲಿ ಹುಟ್ಟುತ್ತದೆ, ಅದನ್ನು ತಿದ್ದುವುದು ಹೇಗೆ ಎಂಬ ಪ್ರಶ್ನೆಯ ಬೆನ್ನು ಹತ್ತಿ ಹದಿನಾರು ವರ್ಷ ಕಳೆದವರು ಅಮೆರಿಕದ ಬೆನ್ ಹೋಗನ್. ಕೋಲನ್ನು ಹಿಂದಕ್ಕೆ ಎತ್ತಿದಾಗ, ಅಂದರೆ ಬ್ಯಾಕ್‌ಸ್ವಿಂಗ್‌ನ ತುತ್ತತುದಿಯಲ್ಲಿ, ಎಡ ಮಣಿಕಟ್ಟು ಯಾವ ಭಂಗಿಯಲ್ಲಿರಬೇಕು ಎಂಬ ಚರ್ಚೆ ಗಾಲ್ಫ್ ಲೋಕದಲ್ಲಿ ಎದ್ದಾಗಲೆಲ್ಲ ಇಂದಿಗೂ ಅವರ ಹೆಸರು ಬರುತ್ತದೆ.

ಕಮ್ಮಾರನ ಮಗ

ಬೆನ್ ಹೋಗನ್ ಹುಟ್ಟಿದ್ದು 1912ರ ಆಗಸ್ಟ್ 13ರಂದು, ಟೆಕ್ಸಾಸ್ ರಾಜ್ಯದಲ್ಲಿ. ತಂದೆ ಚೆಸ್ಟರ್ ಹೋಗನ್ ಕಮ್ಮಾರರು. ಮೋಟಾರು ವಾಹನಗಳು ಬಂದು ಕುದುರೆಗಳಿಗೆ ಬೇಡಿಕೆ ಕುಗ್ಗುತ್ತಿದ್ದ ಕಾಲವದು. 1922ರ ಫೆಬ್ರುವರಿಯಲ್ಲಿ ಅವರು ಮನೆಯಲ್ಲಿಯೇ ಗುಂಡು ಹಾರಿಸಿಕೊಂಡು ಪ್ರಾಣ ಕಳೆದುಕೊಂಡರು. ಆಗ ಬೆನ್‌ಗೆ ಒಂಬತ್ತು ವರ್ಷ. ಕುಟುಂಬದ ಭಾರ ತಾಯಿಯ ಮೇಲೆ ಬಿತ್ತು. ಬಾಲಕ ಫೋರ್ಟ್ ವರ್ತ್ ನಗರದ ರೈಲು ನಿಲ್ದಾಣದಲ್ಲಿ ದಿನಪತ್ರಿಕೆ ಮಾರಿದ.

ಕ್ಯಾಡಿ ಕೆಲಸದಲ್ಲಿ, ಅಂದರೆ ಆಟಗಾರರ ಕೋಲುಗಳ ಚೀಲ ಹೊರುವುದರಲ್ಲಿ, ಹೆಚ್ಚು ಕಾಸು ಸಿಗುತ್ತದೆಂದು ತಿಳಿದು ಹನ್ನೊಂದನೆಯ ವಯಸ್ಸಿನಲ್ಲಿ ಗ್ಲೆನ್ ಗಾರ್ಡನ್ ಕ್ಲಬ್‌ಗೆ ಹೋದ. ಅಲ್ಲಿಯೇ ಅದೇ ವಯಸ್ಸಿನ ಬೈರನ್ ನೆಲ್ಸನ್ ಕೂಡ ಚೀಲ ಹೊರುತ್ತಿದ್ದರು. 1927ರ ಕ್ರಿಸ್‌ಮಸ್ ವೇಳೆಯ ಕ್ಯಾಡಿಗಳ ಪಂದ್ಯದಲ್ಲಿ ಇಬ್ಬರೂ ಸಮನಾದರು. ನಿರ್ಣಾಯಕ ಆಟದಲ್ಲಿ ನೆಲ್ಸನ್ ಒಂದು ಹೊಡೆತದಿಂದ ಗೆದ್ದರು. ಕ್ಲಬ್‌ನ ಕಿರಿಯ ಸದಸ್ಯತ್ವವೂ ನೆಲ್ಸನ್ ಪಾಲಾಯಿತು. ಹೋಗನ್‌ಗೆ ಉಳಿದದ್ದು ಒಬ್ಬಂಟಿ ಅಭ್ಯಾಸ. ಆ ಅಭ್ಯಾಸ ಅವರನ್ನು ಬದುಕಿನುದ್ದಕ್ಕೂ ಬಿಡಲಿಲ್ಲ.

ಹುಕ್ ಎಂಬ ಶತ್ರು

1930ರಲ್ಲಿ, ಇನ್ನೂ ಹದಿನೆಂಟು ತುಂಬುವ ಮೊದಲೇ ಹೋಗನ್ ವೃತ್ತಿಪರರಾದರು. ಆರ್ಥಿಕ ಮಹಾಕುಸಿತದ ದಿನಗಳವು. ಪಂದ್ಯಗಳಲ್ಲಿ ಬಹುಮಾನದ ಹಣ ಪಡೆಯುವವರು ಕೆಲವರೇ. ಮತ್ತೆ ಮತ್ತೆ ಕೈ ಖಾಲಿಯಾಗಿ ಅವರು ಊರಿಗೆ ಮರಳಿದರು. ಸಣ್ಣಪುಟ್ಟ ಕೆಲಸ ಮಾಡಿ ಹಣ ಕೂಡಿಸಿ ಮತ್ತೆ ಹೊರಟರು. 1935ರಲ್ಲಿ ವ್ಯಾಲೆರಿ ಫಾಕ್ಸ್ ಅವರನ್ನು ವಿವಾಹವಾದರು. 1938ರಲ್ಲಿ ಓಕ್‌ಲೆಂಡ್ ಪಂದ್ಯಕ್ಕೆ ಹೋದಾಗ ದಂಪತಿಯ ಬಳಿ ಉಳಿದಿದ್ದುದು ನೂರು ಡಾಲರ್‌ಗೂ ಕಡಿಮೆ. ಸಾಲದೆಂಬಂತೆ ಕಳ್ಳರು ಅವರ ಕಾರಿನ ಚಕ್ರಗಳನ್ನೇ ಬಿಚ್ಚಿಕೊಂಡು ಹೋಗಿದ್ದರು. ಆ ಪಂದ್ಯದಲ್ಲಿ ಸಿಕ್ಕ ಬಹುಮಾನದಿಂದಲೇ ಅವರ ಮುಂದಿನ ಪ್ರಯಾಣ ಸಾಗಿತು.

ಸಾಮರ್ಥ್ಯವಿದ್ದೂ ಅವರನ್ನು ಕಾಡಿದ್ದು ಒಂದೇ ದೋಷ. ಗಾಲ್ಫ್ ಭಾಷೆಯಲ್ಲಿ ಅದಕ್ಕೆ ಹುಕ್ ಎಂದು ಹೆಸರು. ಬಲಗೈ ಆಟಗಾರ ಹೊಡೆದ ಚೆಂಡು ನೇರ ಹೊರಟಂತೆ ತೋರಿ, ಕೊನೆಯಲ್ಲಿ ಥಟ್ಟನೆ ಎಡಕ್ಕೆ ತಿರುಗಿ ಕೆಳಗಿಳಿಯುತ್ತದೆ. ನೆಲ ಮುಟ್ಟಿದ ಮೇಲೂ ಎಡಕ್ಕೇ ಉರುಳುತ್ತದೆ. ಎದುರು ದಿಕ್ಕಿನ ದೋಷವಾದ ಸ್ಲೈಸ್‌ನಲ್ಲಿ ಚೆಂಡು ಬಲಕ್ಕೆ ಬಾಗುತ್ತದೆ. ಹವ್ಯಾಸಿಗಳಲ್ಲಿ ಬಹುಮಂದಿಯನ್ನು ಕಾಡುವುದು ಇದೇ. ಹುಕ್ ಹಾಗಲ್ಲ, ಅದು ವೇಗವಾಗಿ, ಬಲವಾಗಿ ಹೊಡೆಯಬಲ್ಲವರ ರೋಗ.

ಕಾರಣ ಸರಳ. ಚೆಂಡಿಗೆ ತಾಗುವ ಗಳಿಗೆಯಲ್ಲಿ ಕೋಲಿನ ಮುಖ ಎಡಕ್ಕೆ ಮುಚ್ಚಿಕೊಂಡಿದ್ದರೆ ಚೆಂಡು ಎಡಕ್ಕೆ ಸುತ್ತುತ್ತದೆ. ಮುಖ ಐದು ಡಿಗ್ರಿ ತಿರುಗಿದರೂ ಸಾಕು, 200 ಮೀಟರ್ ದೂರ ಹೋಗುವ ಚೆಂಡು ಗುರಿಯಿಂದ ಸುಮಾರು 15 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಗಾಳಿಯಲ್ಲಿನ ಸುತ್ತು ಸೇರಿದರೆ ಇನ್ನೂ ಹೆಚ್ಚು. ಕೋಲಿನ ಮುಖವನ್ನು ತಿರುಗಿಸುವುದರಲ್ಲಿ ಮಣಿಕಟ್ಟಿನ ಪಾತ್ರ ದೊಡ್ಡದು.

ಮಣಿಕಟ್ಟಿನ ಮೂರು ಭಂಗಿ

ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಬಲಗೈ ಆಟಗಾರನ ಎಡ ಮಣಿಕಟ್ಟು ಮೂರು ಬಗೆಯಲ್ಲಿರಬಹುದು. ಇದನ್ನು ಮನೆಯಲ್ಲಿ ಕುಳಿತೇ ಅರಿಯಬಹುದು. ಕೈಗಡಿಯಾರ ಕಟ್ಟುವ ಬದಿಯಲ್ಲಿ ಒಂದು ಅಳತೆಪಟ್ಟಿಯನ್ನು ಕೈಯ ಹಿಂಬದಿಗೂ ಮುಂದೋಳಿಗೂ ಸೇರಿಸಿ ಇಟ್ಟು ನೋಡಬೇಕು. ಪಟ್ಟಿ ಎರಡಕ್ಕೂ ಸಮನಾಗಿ ಅಂಟಿದ್ದರೆ ಮಣಿಕಟ್ಟು ಸಪಾಟಾಗಿದೆ. ಕೈಯ ಹಿಂಬದಿ ಮುಂದೋಳಿನತ್ತ ಮಡಚಿ, ಪಟ್ಟಿಯ ಕೆಳಗೆ ಬಟ್ಟಲಿನಂಥ ತಗ್ಗು ಉಂಟಾದರೆ ಅದು ಒಳಬಾಗಿದ ಮಣಿಕಟ್ಟು. ಅಂಗೈ ಒಳಮುಖವಾಗಿ ಮಡಚಿ ಮಣಿಕಟ್ಟಿನ ಗೆಣ್ಣು ಉಬ್ಬಿ ನಿಂತರೆ ಅದು ಹೊರಬಾಗಿದ ಮಣಿಕಟ್ಟು.

ಒಳಬಾಗಿದ ಮಣಿಕಟ್ಟು ಕೋಲಿನ ಮುಖವನ್ನು ತೆರೆಯುತ್ತದೆ. ಚೆಂಡು ಬಲಕ್ಕೆ ಹೋಗುವ ಸಂಭವ ಹೆಚ್ಚು. ಹೊರಬಾಗಿದ್ದು ಮುಖವನ್ನು ಮುಚ್ಚುತ್ತದೆ. ಚೆಂಡಿಗೆ ಎಡದ ಸೆಳೆತ. ಸಪಾಟಾದುದು ನಡುವಿನದು. ಕೋಲಿನ ಮೇಲೆ ಎಡಗೈ ಹಿಡಿತ ಎಷ್ಟು ತಿರುಗಿದೆ ಎಂಬುದೂ ಇದರೊಂದಿಗೆ ಸೇರಿಯೇ ಕೆಲಸ ಮಾಡುತ್ತದೆ. ಒಂದನ್ನು ಬಿಟ್ಟು ಇನ್ನೊಂದನ್ನು ಮಾತ್ರ ಸರಿ ತಪ್ಪು ಎನ್ನಲಾಗದು.

ಹೋಗನ್ ಹುಕ್ ಇದ್ದಾಗಲೂ ಗೆಲ್ಲತೊಡಗಿದ್ದರು. 1940ರ ಮಾರ್ಚ್‌ನಲ್ಲಿ ಪೈನ್‌ಹರ್ಸ್ಟ್‌ನ ನಾರ್ತ್ ಆಂಡ್ ಸೌತ್ ಓಪನ್ ಅವರಿಗೆ ಏಕಾಂಗಿಯಾಗಿ ಸಿಕ್ಕ ಮೊದಲ ಗೆಲುವು. 1940, 1941, 1942, ಮೂರೂ ವರ್ಷ ಬಹುಮಾನದ ಹಣ ಗಳಿಕೆಯಲ್ಲಿ ಅವರೇ ಮೊದಲಿಗರು. ನಂತರ ಯುದ್ಧಕಾಲದ ಸೇನಾ ಸೇವೆ. ಮರಳಿ ಬಂದಾಗಲೂ ಹಳೆಯ ಶತ್ರು ಕಾದಿತ್ತು. ಒತ್ತಡದ ಗಳಿಗೆಯಲ್ಲಿ ಹುಕ್ ಮರುಕಳಿಸುತ್ತಿತ್ತು.

1946ರಲ್ಲಿ ಅವರು ಪ್ರವಾಸ ಬಿಟ್ಟು ಊರಿಗೆ ಬಂದು ಈ ಸಮಸ್ಯೆಯನ್ನೇ ಧ್ಯಾನಿಸಿದರು. ಸಿಕ್ಕ ಉತ್ತರದಲ್ಲಿ ಮೂರು ಅಂಶಗಳಿದ್ದವು. ಎಡಗೈ ಹಿಡಿತವನ್ನು ಕೊಂಚ ಎಡಕ್ಕೆ ಸರಿಸುವುದು ಮೊದಲನೆಯದು. ಕೋಲನ್ನು ಹಿಂದಕ್ಕೆ ಒಯ್ಯುವಾಗ ಮುಂದೋಳನ್ನು ಬಲಕ್ಕೆ ಹೊರಳಿಸುವುದು ಎರಡನೆಯದು. ಇದು ಹಳೆಯ ಸ್ಕಾಟಿಷ್ ಆಟಗಾರರ ಪದ್ಧತಿ. ತುದಿಗೆ ಬಂದಾಗ ಎಡ ಮಣಿಕಟ್ಟನ್ನು ತುಸುವೇ ಒಳಬಾಗಿಸುವುದು ಮೂರನೆಯದು. ಈ ಮೂರೂ ಸೇರಿದಾಗ ಕೋಲಿನ ಮುಖ ಎಷ್ಟು ತೆರೆದುಕೊಳ್ಳುತ್ತಿತ್ತೆಂದರೆ, ಅವರು ಎಷ್ಟೇ ಬಲವಾಗಿ ಹೊಡೆದರೂ ಚೆಂಡಿಗೆ ತಾಗುವ ಮುನ್ನ ಅದು ಅತಿಯಾಗಿ ಮುಚ್ಚಲು ವ್ಯವಧಾನವೇ ಇರಲಿಲ್ಲ. ಹುಕ್ ಮಾಯವಾಯಿತು. ಚೆಂಡು ಎತ್ತರಕ್ಕೇರಿ, ಕೊನೆಯಲ್ಲಿ ಮೆಲ್ಲನೆ ಬಲಕ್ಕೆ ಬಾಗಿ ಇಳಿಯತೊಡಗಿತು. ಆ ವರ್ಷವೇ ಪಿಜಿಎ ಚಾಂಪಿಯನ್‌ಷಿಪ್ ಗೆದ್ದು ಮೊದಲ ಪ್ರಮುಖ ಪ್ರಶಸ್ತಿ ಪಡೆದರು. 1948ರಲ್ಲಿ ಮತ್ತೊಮ್ಮೆ ಪಿಜಿಎ, ಜೊತೆಗೆ ಯುಎಸ್ ಓಪನ್. 1949ರ ಜನವರಿಯಲ್ಲಿ ಟೈಮ್ ಪತ್ರಿಕೆಯ ಮುಖಪುಟದಲ್ಲಿ ಅವರ ಚಿತ್ರ ಬಂತು.

ಮಂಜಿನ ಬೆಳಗು

ಅದಾದ ಕೆಲವೇ ದಿನಗಳಲ್ಲಿ, 1949ರ ಫೆಬ್ರುವರಿ 2ರಂದು, ಪಶ್ಚಿಮ ಟೆಕ್ಸಾಸ್‌ನ ವ್ಯಾನ್ ಹಾರ್ನ್ ಬಳಿ ದಟ್ಟ ಮಂಜಿನಲ್ಲಿ ಹೋಗನ್ ದಂಪತಿಯ ಕಾರಿಗೆ ಎದುರಿನಿಂದ ಬಂದ ಬಸ್ಸು ಡಿಕ್ಕಿ ಹೊಡೆಯಿತು. ಕಡೆಯ ಕ್ಷಣದಲ್ಲಿ ಹೋಗನ್ ಪತ್ನಿಯನ್ನು ಕಾಪಾಡಲೆಂದು ಆಕೆಯ ಮೇಲೆ ಅಡ್ಡ ಬಿದ್ದರು. ಸ್ಟೀರಿಂಗ್‌ನ ಕಂಬ ಚಾಲಕನ ಆಸನವನ್ನು ತೂರಿಕೊಂಡು ಹೋಯಿತು. ಪತ್ನಿಯನ್ನು ಉಳಿಸಲು ಹೋದದ್ದೇ ಅವರ ಪ್ರಾಣವನ್ನೂ ಉಳಿಸಿತು. ಸೊಂಟದ ಮೂಳೆ, ಕೊರಳೆಲುಬು, ಎಡ ಕಣಕಾಲು, ಪಕ್ಕೆಲುಬು ಮುರಿದಿದ್ದವು. ಬಳಿಕ ಕಾಲಿನಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರಿ ಜೀವಕ್ಕೇ ಅಪಾಯ ತಂದಿತು. ಶಸ್ತ್ರಚಿಕಿತ್ಸೆಯಲ್ಲಿ ದೇಹದ ಕೆಳಭಾಗದಿಂದ ಹೃದಯಕ್ಕೆ ರಕ್ತ ಒಯ್ಯುವ ಮಹಾಸಿರೆಯನ್ನೇ ಕಟ್ಟಬೇಕಾಯಿತು. ಅಂದಿನಿಂದ ಕೊನೆಯವರೆಗೂ ಕಾಲುಗಳ ಊತ, ನೋವು ಅವರ ಸಂಗಾತಿಗಳಾದವು. ನಡೆದರೆ ಅದೇ ದೊಡ್ಡದು ಎಂಬ ಸ್ಥಿತಿ.

ಹದಿನಾರು ತಿಂಗಳ ನಂತರ, 1950ರ ಜೂನ್‌ನಲ್ಲಿ, ಮೆರಿಯನ್ ಅಂಗಣದಲ್ಲಿ ನಡೆದ ಯುಎಸ್ ಓಪನ್‌ನಲ್ಲಿ ಅವರು ಕಾಲಿಗೆ ಪಟ್ಟಿ ಸುತ್ತಿಕೊಂಡು ಆಡಿದರು. ಅಂದಿನ ನಿಯಮದಂತೆ ಕೊನೆಯ ದಿನ 36 ಕುಳಿಗಳನ್ನು ಆಡಬೇಕಿತ್ತು. ಕಡೆಯ ಕುಳಿಯಲ್ಲಿ ಒಂದನೆಯ ಸಂಖ್ಯೆಯ ಕಬ್ಬಿಣದ ಕೋಲಿನಿಂದ ಅವರು ಹೊಡೆದ ಚೆಂಡು ಹಸಿರು ಅಂಕಣವನ್ನು ಸೇರಿ ಅವರನ್ನು ಪಂದ್ಯದಲ್ಲಿ ಉಳಿಸಿತು. ಛಾಯಾಗ್ರಾಹಕ ಹೈ ಪೆಸ್ಕಿನ್ ಹಿಂದಿನಿಂದ ತೆಗೆದ ಆ ಹೊಡೆತದ ಚಿತ್ರ ಕ್ರೀಡಾ ಇತಿಹಾಸದ ಪ್ರಸಿದ್ಧ ಚಿತ್ರಗಳಲ್ಲಿ ಒಂದು. ಮರುದಿನ ಲಾಯ್ಡ್ ಮ್ಯಾಂಗ್ರಮ್ ಮತ್ತು ಜಾರ್ಜ್ ಫಾಜಿಯೊ ಅವರೊಂದಿಗಿನ ನಿರ್ಣಾಯಕ ಸುತ್ತಿನಲ್ಲಿ 69 ಹೊಡೆತಗಳಲ್ಲಿ ಮುಗಿಸಿ ಗೆದ್ದರು. ಕಾಲು ಸೋತರೂ ಕೈ ಸೋಲಲಿಲ್ಲ.

1953 ಅವರ ಬದುಕಿನ ಶಿಖರ. ಆಡಿದ ಆರು ಪಂದ್ಯಗಳಲ್ಲಿ ಐದನ್ನು ಗೆದ್ದರು. ಮಾಸ್ಟರ್ಸ್, ಯುಎಸ್ ಓಪನ್ ಮತ್ತು ಸ್ಕಾಟ್‌ಲೆಂಡಿನ ಕಾರ್ನೂಸ್ಟಿಯಲ್ಲಿ ನಡೆದ ಬ್ರಿಟಿಷ್ ಓಪನ್ ಒಂದೇ ವರ್ಷ ಅವರದಾದವು. ಕಾರ್ನೂಸ್ಟಿಯಲ್ಲಿ ನಾಲ್ಕು ಹೊಡೆತ ಹಿಂದುಳಿದು ಎರಡನೆಯ ಸ್ಥಾನ ಹಂಚಿಕೊಂಡವರಲ್ಲಿ ಆಸ್ಟ್ರೇಲಿಯದ ಪೀಟರ್ ಥಾಮ್ಸನ್ ಒಬ್ಬರು. ಕನ್ನಡಿಗರಿಗೆ ಈ ಹೆಸರು ಹತ್ತಿರದ್ದು. 1964ರಲ್ಲಿ ಮೊದಲ ಇಂಡಿಯನ್ ಓಪನ್ ಗೆದ್ದವರು ಅವರೇ. ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಅಂಗಣದ ವಿನ್ಯಾಸವೂ ಅವರದೇ.

ಗುಟ್ಟು ಬಯಲಾಯಿತು

ಹೋಗನ್ ಮಿತಭಾಷಿ. ಅಭ್ಯಾಸದ ಅಂಗಣದಲ್ಲಿ ಗಂಟೆಗಟ್ಟಲೆ ಒಬ್ಬರೇ ಇರುತ್ತಿದ್ದರು. ಅವರಲ್ಲೊಂದು ಗುಟ್ಟಿದೆ ಎಂಬ ಗುಲ್ಲು ಹಬ್ಬಿತು. 1954ರಲ್ಲಿ ಲೈಫ್ ಪತ್ರಿಕೆ ಇತರ ಆಟಗಾರರ ಊಹೆಗಳನ್ನು ಪ್ರಕಟಿಸಿತು. 1955ರ ಆಗಸ್ಟ್‌ನಲ್ಲಿ ಹೋಗನ್ ಅವರೇ ಅದೇ ಪತ್ರಿಕೆಯಲ್ಲಿ ಹಿಡಿತ, ಹೊರಳಿಕೆ ಮತ್ತು ಒಳಬಾಗಿದ ಮಣಿಕಟ್ಟಿನ ಸಂಗತಿಯನ್ನು ಬಿಚ್ಚಿಟ್ಟರು.

ಆದರೆ ಅದರೊಂದಿಗೇ ಅವರು ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದರು. ವಾರಾಂತ್ಯದ ಹವ್ಯಾಸಿಗೆ ಇದರಿಂದ ಲಾಭವಿಲ್ಲ, ಆಟ ಬಾರದವನು ಇದನ್ನು ಅನುಸರಿಸಿದರೆ ಇನ್ನೂ ಕೆಡುತ್ತಾನೆ ಎಂಬುದು ಅದರ ತಾತ್ಪರ್ಯ. ಓದುಗರು ಗುಟ್ಟನ್ನು ಹಿಡಿದುಕೊಂಡರು, ಎಚ್ಚರಿಕೆಯನ್ನು ಬಿಟ್ಟರು. ಮೊದಲೇ ಸ್ಲೈಸ್‌ನಿಂದ ನರಳುತ್ತಿದ್ದವರು ಮಣಿಕಟ್ಟನ್ನು ಒಳಬಾಗಿಸಿದರೆ ಕೋಲಿನ ಮುಖ ಇನ್ನಷ್ಟು ತೆರೆದು ಚೆಂಡು ಮತ್ತಷ್ಟು ಬಲಕ್ಕೆ ಓಡುವುದು ಸಹಜ. ಒಬ್ಬನ ಔಷಧ ಇನ್ನೊಬ್ಬನಿಗೆ ಅಪಥ್ಯ. 1957ರಲ್ಲಿ ಲೇಖಕ ಹರ್ಬರ್ಟ್ ವಾರನ್ ವಿಂಡ್ ಮತ್ತು ಚಿತ್ರಕಾರ ಆಂಥನಿ ರಾವಿಯೆಲ್ಲಿ ಅವರ ನೆರವಿನಿಂದ ಹೋಗನ್ ಸಾಮಾನ್ಯ ಆಟಗಾರರಿಗಾಗಿ ಐದು ಪಾಠಗಳ ಪುಸ್ತಕ ಪ್ರಕಟಿಸಿದರು. ಅಲ್ಲಿ ಒತ್ತು ಬಿದ್ದದ್ದು ಹಿಡಿತ, ನಿಲುವು, ಸೊಂಟದ ತಿರುಗುವಿಕೆ ಹಾಗೂ ಚೆಂಡಿಗೆ ತಾಗುವಾಗ ಎಡ ಮಣಿಕಟ್ಟು ಗುರಿಯತ್ತ ಉಬ್ಬಿರಬೇಕೆಂಬ ಮಾತಿನ ಮೇಲೆ. ಗಾಲ್ಫ್ ಕಲಿಸುವವರು ಇಂದಿಗೂ ಆ ಪುಸ್ತಕವನ್ನು ತಿರುವಿಹಾಕುತ್ತಾರೆ.

ಕಾಲ ಬದಲಾಗಿದೆ. 2016ರಲ್ಲಿ ಯುಎಸ್ ಓಪನ್ ಗೆದ್ದ ಡಸ್ಟಿನ್ ಜಾನ್ಸನ್ ಅವರ ಎಡ ಮಣಿಕಟ್ಟು ಬ್ಯಾಕ್‌ಸ್ವಿಂಗ್‌ನ ತುದಿಯಲ್ಲಿ ಹೋಗನ್ ಅವರದ್ದಕ್ಕೆ ತದ್ವಿರುದ್ಧವಾಗಿ ಹೊರಕ್ಕೆ ಬಾಗಿರುತ್ತದೆ. ಇಬ್ಬರೂ ಗೆದ್ದವರೇ. ಹಾಗಾದರೆ ಸರಿಯಾದ ಭಂಗಿ ಯಾವುದು? ತನ್ನ ಹಿಡಿತಕ್ಕೆ, ತನ್ನ ದೋಷಕ್ಕೆ ಹೊಂದಿ, ಚೆಂಡಿಗೆ ತಾಗುವ ಗಳಿಗೆಯಲ್ಲಿ ಕೋಲಿನ ಮುಖವನ್ನು ಗುರಿಗೆ ನೇರವಾಗಿಸುವುದೇ ಸರಿ. ಕಲಿಯುವವರಿಗೆ ಸಪಾಟಾದ ಮಣಿಕಟ್ಟು ನಿರಪಾಯದ ಆರಂಭ. ಅಲ್ಲಿಂದ ಮುಂದೆ ಚೆಂಡು ಹೋದ ದಿಕ್ಕೇ ಗುರು.

ಕೊನೆಯ ದಿನಗಳು

1953ರಲ್ಲಿ ಸ್ವಂತ ಹೆಸರಿನ ಗಾಲ್ಫ್ ಕೋಲುಗಳ ಕಂಪೆನಿ ಆರಂಭಿಸಿದ ಹೋಗನ್, ಮೊದಲ ತಯಾರಿಕೆ ತಮ್ಮ ಅಳತೆಗೆ ಬರಲಿಲ್ಲವೆಂದು ನಷ್ಟ ಲೆಕ್ಕಿಸದೆ ಅದನ್ನು ಮಾರುಕಟ್ಟೆಗೆ ಬಿಡಲಿಲ್ಲ. 1967ರ ಮಾಸ್ಟರ್ಸ್‌ನಲ್ಲಿ, 54ರ ವಯಸ್ಸಿನಲ್ಲಿ, ಮೂರನೆಯ ಸುತ್ತನ್ನು 66 ಹೊಡೆತಗಳಲ್ಲಿ ಮುಗಿಸಿ ನೆರೆದವರನ್ನು ಎದ್ದು ನಿಲ್ಲಿಸಿದರು. 1971ರಲ್ಲಿ ಸ್ಪರ್ಧೆಗಳಿಂದ ದೂರ ಸರಿದರು. 64 ಪಿಜಿಎ ಪ್ರವಾಸ ಗೆಲುವು, ಒಂಬತ್ತು ಪ್ರಮುಖ ಪ್ರಶಸ್ತಿಗಳ ಈ ಸಾಧಕ 1997ರ ಜುಲೈ 25ರಂದು ಫೋರ್ಟ್ ವರ್ತ್‌ನಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 84 ವರ್ಷ.

ಪ್ರಶಸ್ತಿಗಳಿಗಿಂತ ಹೆಚ್ಚಾಗಿ ಅವರು ಬಿಟ್ಟುಹೋದದ್ದು ಒಂದು ದಾರಿ. ಚೀಲ ಹೊತ್ತ ಹುಡುಗ ತನ್ನ ದೋಷವನ್ನು ತಾನೇ ಕಂಡು, ತಾನೇ ತಿದ್ದಿಕೊಂಡು ಮೇಲೇರಿದ ದಾರಿ ಅದು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಬದುಕು ಆರಂಭಿಸಿ 2009ರ ಇಂಡಿಯನ್ ಓಪನ್ ಗೆದ್ದ ಸಿ. ಮುನಿಯಪ್ಪ ಅವರೂ ನಡೆದದ್ದು ಅದೇ ದಾರಿಯಲ್ಲಿ. ಹೋಗನ್ ಅವರಿಂದ ಕಲಿಯಬೇಕಾದದ್ದು ಮಣಿಕಟ್ಟಿನ ಬಾಗನ್ನಲ್ಲ; ಚೆಂಡು ಎಲ್ಲಿ ಬಿತ್ತೆಂದು ಪ್ರಾಮಾಣಿಕವಾಗಿ ನೋಡಿ, ಕಾರಣವನ್ನು ತನ್ನ ಕೈಯಲ್ಲಿಯೇ ಹುಡುಕುವ ತಾಳ್ಮೆಯನ್ನು.