ಬೀದರಿನ ಏಳುಬೀಳಿಗೆ ಸಾಕ್ಷಿಯಾದ ಮಹಮೂದ್ ಗವಾನ್

ಬೀದರ್: ಸಂತಪುರ, ಔರಾದ್, ಭಾಲ್ಕಿಗಳಿಂದ ಕೆಲಸದ ನಿಮಿತ್ತ ಬೀದರಿಗೆ ಬರುವವರ ಕಣ್ಣಿಗೆ ಹಳೆಯ ನಗರದ ನಡುವಿನ ಒಂಟಿ ಮಿನಾರು ಬೀಳದೇ ಇರದು. ಅದು ಮಹಮೂದ್ ಗವಾನ್ ಕಟ್ಟಿಸಿದ ಮದರಸಾ. ಒಂದು ಕಾಲಕ್ಕೆ ದಖ್ಖನ್ನಿನ ಮೊದಲ ಸಾಲಿನಲ್ಲಿದ್ದ ಬೀದರ್, 2011ರ ಜನಗಣತಿಯ ಹೊತ್ತಿಗೆ ಸುಮಾರು ಎರಡು ಲಕ್ಷ ಜನರ ನಗರವಾಗಿತ್ತು. ನಗರಗಳು ಏಕೆ ಬೆಳೆಯುತ್ತವೆ, ಏಕೆ ಹಿಂದೆ ಬೀಳುತ್ತವೆ ಎಂಬ ಪ್ರಶ್ನೆಗೆ ಗವಾನನ ಬದುಕಿನಲ್ಲಿ ಉತ್ತರದ ಸುಳಿವಿದೆ.

ಪರ್ಷಿಯಾದ ಗಿಲಾನ್ ಪ್ರಾಂತ್ಯದಲ್ಲಿ 1411ರಲ್ಲಿ ಜನಿಸಿದ ಗವಾನ್, 1453ರಲ್ಲಿ ವರ್ತಕನಾಗಿ ದಾಭೋಳ ಬಂದರಿಗೆ ಬಂದಿಳಿದು ಬೀದರ್ ಸೇರಿದನು. ಬಹಮನಿ ಸುಲ್ತಾನ ಅಹಮದ್ ಷಾ ಅದಕ್ಕೂ ಕೆಲ ದಶಕಗಳ ಹಿಂದೆ ರಾಜಧಾನಿಯನ್ನು ಕಲಬುರ್ಗಿಯಿಂದ ಇಲ್ಲಿಗೆ ಸ್ಥಳಾಂತರಿಸಿದ್ದನು. ಅರಮನೆ ಬಂದ ಕಡೆಗೆ ಸೈನಿಕರು, ಕುಶಲಕರ್ಮಿಗಳು, ವಿದ್ವಾಂಸರು, ವ್ಯಾಪಾರಿಗಳು ಬಂದರು. ರಷ್ಯಾದ ವರ್ತಕ ಅಫನಾಸಿ ನಿಕಿಟಿನ್ ಕೂಡ ಗವಾನನ ಕಾಲದಲ್ಲೇ ಈ ನಗರವನ್ನು ಕಂಡು ಬರೆದಿಟ್ಟನು.

ಆಡಳಿತದಲ್ಲಿ ಮೇಲೇರಿದ ಗವಾನ್ 1466ರಲ್ಲಿ ಪ್ರಧಾನಮಂತ್ರಿಯಾದನು. 1472ರಲ್ಲಿ ಗೋವಾ, ಮರುವರ್ಷ ಬೆಳಗಾವಿ ಸುಲ್ತಾನರ ವಶವಾದವು. ಅದೇ 1472ರಲ್ಲಿ ಮೂರು ಅಂತಸ್ತಿನ ಮದರಸಾ ಪೂರ್ಣಗೊಂಡಿತು. ಅಲ್ಲಿ ಸುಮಾರು 3,000 ಹಸ್ತಪ್ರತಿಗಳ ಗ್ರಂಥಾಲಯವಿತ್ತು. ದೂರದ ನಾಡುಗಳ ವಿದ್ವಾಂಸರು ಪಾಠ ಹೇಳುತ್ತಿದ್ದರು.

<b>ಸುಧಾರಣೆಯೇ ಮುಳುವಾಯಿತು</b>

ಗವಾನ್ ನಾಲ್ಕು ಪ್ರಾಂತ್ಯಗಳನ್ನು ಎಂಟಾಗಿ ವಿಂಗಡಿಸಿದನು. ಭೂಮಿಯನ್ನು ಅಳೆಯಿಸಿ ಗ್ರಾಮಗಳ ಗಡಿ ಗುರುತಿಸಿದನು. ಪ್ರತಿ ಪ್ರಾಂತ್ಯಾಧಿಕಾರಿಯ ಕೈಯಲ್ಲಿ ಒಂದೇ ಕೋಟೆ ಉಳಿಸಿ, ಮಿಕ್ಕವನ್ನು ಸುಲ್ತಾನನ ನೇರ ಹಿಡಿತಕ್ಕೆ ತಂದನು. ಅಧಿಕಾರ ಕಳೆದುಕೊಂಡ ಸರದಾರರು ಹಗೆ ಸಾಧಿಸಿದರು. ಸ್ಥಳೀಯ ದಖ್ಖನಿಗಳು ಹಾಗೂ ಹೊರನಾಡಿನಿಂದ ಬಂದ ಅಫಾಕಿಗಳ ನಡುವಿನ ಹಳೆಯ ವೈಮನಸ್ಸು ಇದಕ್ಕೆ ತುಪ್ಪ ಸುರಿಯಿತು.

ವಿರೋಧಿಗಳು ಗವಾನನ ಮುದ್ರೆಯನ್ನು ಮೋಸದಿಂದ ಒತ್ತಿಸಿಕೊಂಡು, ಒಡಿಶಾದ ರಾಜನಿಗೆ ದಂಡೆತ್ತಿ ಬರಲು ಆಹ್ವಾನಿಸಿದಂತೆ ನಕಲಿ ಪತ್ರ ಸೃಷ್ಟಿಸಿದರು. ಅದನ್ನು ನಂಬಿದ ಮೂರನೇ ಮುಹಮ್ಮದ್ ಷಾ, ವಿಚಾರಣೆಯಿಲ್ಲದೆ 1481ರ ಏಪ್ರಿಲ್ 5ರಂದು ಕೊಂಡಪಲ್ಲಿಯಲ್ಲಿ ವೃದ್ಧ ಮಂತ್ರಿಯ ಶಿರಚ್ಛೇದ ಮಾಡಿಸಿದನು. ಭಾರಿ ಸಂಪತ್ತನ್ನು ನಿರೀಕ್ಷಿಸಿದ್ದವರಿಗೆ ಅವನ ಖಾಸಗಿ ಖಜಾನೆಯಲ್ಲಿ ಸಿಕ್ಕಿದ್ದು ಅತ್ಯಲ್ಪ ಎಂದು ಇತಿಹಾಸಕಾರ ಫಿರಿಶ್ತಾ ದಾಖಲಿಸಿದ್ದಾನೆ. ಪಶ್ಚಾತ್ತಾಪದಿಂದ ಬೆಂದ ಸುಲ್ತಾನ 1482ರಲ್ಲಿ ತೀರಿಕೊಂಡನು.

ಮುಂದೆ ರಾಜ್ಯ ಐದು ಹೋಳಾಯಿತು. ವಿಜಾಪುರ, ಗೋಲ್ಕೊಂಡ, ಅಹಮದ್‌ನಗರಗಳು ತಮ್ಮದೇ ಆಸ್ಥಾನ ಕಟ್ಟಿಕೊಂಡವು. ಬೀದರಿಗೆ ಬರುತ್ತಿದ್ದ ಜನ ಮತ್ತು ಹಣ ಆ ದಿಕ್ಕಿಗೆ ಹರಿದವು.

<b>ಮೆಟ್ಟಿಲು ಸ್ಥಿರ, ನಿಂತವರು ಅಸ್ಥಿರ</b>

ಜರ್ಮನಿಯ ಭೌತವಿಜ್ಞಾನಿ ಫೆಲಿಕ್ಸ್ ಔರ್‌ಬಾಖ್ 1913ರಲ್ಲಿ ನಗರಗಳ ಗಾತ್ರದಲ್ಲಿ ಒಂದು ಕ್ರಮವನ್ನು ಗುರುತಿಸಿದನು. 1940ರ ದಶಕದಲ್ಲಿ ಅಮೆರಿಕದ ಜಾರ್ಜ್ ಜಿಪ್ಫ್ ಅದನ್ನು ಪ್ರಸಿದ್ಧಗೊಳಿಸಿದನು. ಅದರ ಪ್ರಕಾರ ಎರಡನೇ ನಗರದ ಜನಸಂಖ್ಯೆ ಮೊದಲನೆಯದರ ಸುಮಾರು ಅರ್ಧ, ಮೂರನೆಯದು ಮೂರನೇ ಒಂದು ಭಾಗ. ಹಲವು ದೇಶಗಳಲ್ಲಿ ಈ ಲೆಕ್ಕ ಹೆಚ್ಚುಕಡಿಮೆ ಹೊಂದುತ್ತದೆ.

ಕರ್ನಾಟಕದಲ್ಲಿ ಅದು ಮುರಿದು ಬೀಳುತ್ತದೆ. 2011ರಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 84 ಲಕ್ಷ. ಲೆಕ್ಕದಂತೆ ಎರಡನೇ ನಗರದಲ್ಲಿ 42 ಲಕ್ಷ ಜನರಿರಬೇಕಿತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಇದ್ದುದು ಸುಮಾರು 9.4 ಲಕ್ಷ. ಬೆಂಗಳೂರು ಇಡೀ ದೇಶದಿಂದ ಜನರನ್ನು ಸೆಳೆಯುತ್ತಿರುವುದು ಇದಕ್ಕೊಂದು ಕಾರಣ.

ಈ ನಿಯಮ ಮೆಟ್ಟಿಲುಗಳ ಎತ್ತರವನ್ನಷ್ಟೇ ಹೇಳುತ್ತದೆ. ಯಾವ ಮೆಟ್ಟಿಲ ಮೇಲೆ ಯಾವ ಊರು ಎಂಬುದನ್ನು ಹೇಳುವುದಿಲ್ಲ. ರಾಜಧಾನಿ, ವ್ಯಾಪಾರ, ವಿದ್ಯೆ ಬೀದರನ್ನು ಮೇಲಕ್ಕೇರಿಸಿದವು. ಅವು ದೂರ ಸರಿದಾಗ ಊರು ಕೆಳಗಿಳಿಯಿತು. 1696ರಲ್ಲಿ ಸಿಡಿಮದ್ದಿನ ಸ್ಫೋಟಕ್ಕೆ ಮದರಸಾದ ಒಂದು ಪಾರ್ಶ್ವವೂ ಕುಸಿಯಿತು. ಉಳಿದ ಮಿನಾರಿನ ಮೇಲೆ ಬಣ್ಣದ ಹೆಂಚುಗಳು ಅಲ್ಲಲ್ಲಿ ಇನ್ನೂ ಹೊಳೆಯುತ್ತವೆ. ಅದನ್ನು ಕಟ್ಟಿಸಿದವನು ಬೀದರಿನ ಹೊರವಲಯದ ಸರಳ ಸಮಾಧಿಯೊಂದರಲ್ಲಿ ಮಲಗಿದ್ದಾನೆ.